ಖಾಲಿ ಕಳಿಸದ ಕುಕ್ಕರು

ಪಂಚಾಕ್ಷರಯ್ಯನವರು ತಮ್ಮ ಹೊಸ ಯಂತ್ರಕ್ಕೆ ವಿಭೂತಿ ಬಳಿದು, ಊದಿನಕಡ್ಡಿ ಹಚ್ಚಿ, ಬೀದಿಯವರಿಗೆಲ್ಲ ಹೇಳಿಕಳಿಸಿದರೂ ನೋಡಲು ಬಂದವರು ಎದುರುಮನೆಯ ನಾಗಭೂಷಣ ಒಬ್ಬರೇ. ಹೋದ ಸಲ ಪಂಚಾಕ್ಷರಯ್ಯನವರು ತಾನೇ ತಾನಾಗಿ ತಲೆ ಬಾಚುವ ಫ್ಯಾನು ಮಾಡಿದ್ದಾಗ ಅದರ ಕೆಳಗೆ ಕೂತಿದ್ದವರಿಗೆ ಇನ್ನೂ ಕೂದಲು ಬಂದಿರಲಿಲ್ಲ. ನಾಗಭೂಷಣರದು ಮೊದಲೇ ಬೋಳು ತಲೆಯಾದ್ದರಿಂದ ಅವರು ಧೈರ್ಯವಾಗಿ ಬಂದು ಕುರ್ಚಿ ಎಳೆದುಕೊಂಡರು.

ತಿಪಟೂರಿನ ಆ ಮನೆಯ ನಡುಮನೆಯಲ್ಲಿ ಮೇಜಿನ ಮೇಲೊಂದು ಹಳೆಯ ಕಂಪ್ಯೂಟರು, ಅದರ ಪಕ್ಕದಲ್ಲಿ ಹಿಡಿ ಮುರಿದ ಒಂದು ಕುಕ್ಕರು. ಕುಕ್ಕರಿನ ವಿಷಲ್ ಇರಬೇಕಾದ ಜಾಗದಿಂದ ವೈರುಗಳು ಹೊರಟು ಕಂಪ್ಯೂಟರಿನ ಬೆನ್ನಿಗೆ ಸೇರಿದ್ದವು. ಟೆಲಿಫೋನ್ ಕೇಬಲ್ಲು ಜೋಡಿಸಿಕೊಂಡೇ ನಿವೃತ್ತರಾದ ಪಂಚಾಕ್ಷರಯ್ಯನವರಿಗೆ ಎಲ್ಲಾದರೂ ವೈರು ಕಂಡರೆ ಅದನ್ನು ಇನ್ನೊಂದಕ್ಕೆ ಗಂಟು ಹಾಕುವವರೆಗೆ ಊಟ ಸೇರುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಸರ್ವಮಂಗಳಮ್ಮ ಆ ಕುಕ್ಕರನ್ನು ಗುರುತು ಹಿಡಿದರು. ಕಾಣೆಯಾಯಿತೆಂದು ಅವರು ಒಂದು ವಾರದಿಂದ ಹುಡುಕುತ್ತಿದ್ದುದು ಅದನ್ನೇ.

ಎಲ್ಲಕ್ಕೂ ಕಾರಣ ಒಂದು ಇ-ಮೇಲ್ ತಂತ್ರಾಂಶ. ಯಾವುದೋ ದೂರದೇಶದ ಜನ ಸೇರಿ ಮಾಡಿದ್ದು, ಅದಕ್ಕೆ ಕಾಸು ಕೊಡಬೇಕಾಗಿಲ್ಲ. ಅಷ್ಟೇ ಆಗಿದ್ದರೆ ಪಂಚಾಕ್ಷರಯ್ಯನವರು ಸುಮ್ಮನಿರುತ್ತಿದ್ದರೋ ಏನೋ. ಆದರೆ ಮಾಡಿದವರು, ಇದನ್ನು ಬಿಚ್ಚಿ ನೋಡಿ, ನಿಮಗೆ ಬೇಕಾದ ಹಾಗೆ ತಿದ್ದಿಕೊಳ್ಳಿ, ಬೇರೆಯವರಿಗೂ ಕೊಡಿ ಎಂದು ಬರೆದಿದ್ದರು. ರೇಡಿಯೋದಿಂದ ಹಿಡಿದು ಮಿಕ್ಸಿಯವರೆಗೆ, ಹುಟ್ಟಿದಾಗಿನಿಂದ 'ಬಿಚ್ಚಬೇಡಿ' ಎಂಬ ಮಾತನ್ನೇ ಕೇಳಿ ಬೆಳೆದ ಆ ಮನುಷ್ಯನ ಕಣ್ಣಲ್ಲಿ ನೀರು ಬಂತು.

ಅದನ್ನು ಕಂಪ್ಯೂಟರಿಗೆ ಹಾಕಿಕೊಳ್ಳುವುದೇನೂ ಕಷ್ಟವಾಗಲಿಲ್ಲ. ಹೆಸರು ಕೇಳಿತು, ಹೇಳಿದರು. ಇ-ಮೇಲ್ ವಿಳಾಸ ಕೇಳಿತು, ಹೇಳಿದರು. ಪಾಸ್‌ವರ್ಡ್ ಕೇಳಿದಾಗ ಮಾತ್ರ ತಲೆ ಕೆರೆದುಕೊಂಡರು. ಅವರು ಪ್ರತಿ ಸಲವೂ ಅದನ್ನು ಗಟ್ಟಿಯಾಗಿ ಓದಿಕೊಂಡೇ ಒತ್ತುವ ಅಭ್ಯಾಸದವರಾದ್ದರಿಂದ, ಎದುರುಮನೆಯ ಕಿಟಕಿಯಿಂದ ನಾಗಭೂಷಣರು ನೆನಪು ಮಾಡಿಕೊಟ್ಟರು. ಅಷ್ಟಾದ ಮೇಲೆ ಹಲವು ವರ್ಷಗಳ ಟಪಾಲೆಲ್ಲ ದಬದಬನೆ ಬಂದು ಅಚ್ಚುಕಟ್ಟಾಗಿ ಸಾಲುಗಟ್ಟಿ ನಿಂತಿತು. ಎಲ್ಲಕ್ಕಿಂತ ಮೇಲೆ ತಂತ್ರಾಂಶದವರದೇ ಒಂದು ಸ್ವಾಗತದ ಪತ್ರವಿತ್ತು.

ಇಷ್ಟು ದೊಡ್ಡದನ್ನು ಕೊಟ್ಟವರಿಗೆ ನೀವೇನು ಕೊಟ್ಟಿರಿ ಎಂದು ಅವತ್ತು ಸರ್ವಮಂಗಳಮ್ಮ ಕೇಳಿದ್ದರು. ಥ್ಯಾಂಕ್ಸ್ ಅಂತ ಉತ್ತರ ಬರೆದೆ ಎಂದರು ಯಜಮಾನರು.

"ಬರೀ ಥ್ಯಾಂಕ್ಸಾ? ಪಾಯಸ ಕೊಟ್ಟೋರ ಡಬ್ಬೀನ ಖಾಲಿ ತೊಳೆದು ಕೊಟ್ಟಂಗಾಯ್ತು ಬಿಡಿ," ಎಂದು ಆಕೆ ಮುಖ ತಿರುಗಿಸಿದರು.

ಆ ಮಾತು ಆಕೆಯ ಬಾಯಲ್ಲಿ ಬಂದದ್ದಕ್ಕೆ ಕಾರಣವಿತ್ತು. ಅಕ್ಕಪಕ್ಕದವರು ಏನಾದರೂ ಹಾಕಿ ಕಳಿಸಿದ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದುಂಟೇ? ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಸರ್ವಮಂಗಳಮ್ಮ ಹುಟ್ಟಿದ ಮನೆಯಲ್ಲೂ ಹೀಗೇ, ಕೊಟ್ಟ ಮನೆಯಲ್ಲೂ ಹೀಗೇ. ಆದರೆ ಆಕೆ ಹಿಂದಿರುಗಿಸದೆ ಉಳಿದ ಪಾತ್ರೆಯೊಂದು ಅಟ್ಟದ ಮೇಲಿತ್ತು. ಅದು ಮೂರು ಡಬ್ಬಿಯ ಸ್ಟೀಲ್ ಕ್ಯಾರಿಯರ್.

ಅದು ಫಿಲೋಮಿನಾಳದು. ಇಪ್ಪತ್ತು ವರ್ಷದ ಹಿಂದೆ ಅವಳು ಪಕ್ಕದ ಬಾಡಿಗೆಮನೆಯಲ್ಲಿದ್ದಳು. ಸರ್ವಮಂಗಳಮ್ಮ ಕಾಮಾಲೆಯಾಗಿ ತಿಂಗಳುಗಟ್ಟಲೆ ಮಲಗಿದಾಗ ದಿನಾ ಗಂಜಿ ಮಾಡಿ ತಂದವಳು ಅವಳು. ತಮ್ಮ ಮನೆಯಲ್ಲಿ ಮೀನು ಬೇಯುವ ಪಾತ್ರೆ ಇವರಿಗೆ ಆಗಲಿಕ್ಕಿಲ್ಲವೆಂದು ಯಾರೂ ಹೇಳದೆಯೇ ಸಂತೆಯಿಂದ ಹೊಸ ಕ್ಯಾರಿಯರ್ ಕೊಂಡು, ಅದರಲ್ಲೇ ತರುತ್ತಿದ್ದಳು. ಆಮೇಲೆ ಅವಳ ಗಂಡನಿಗೆ ಇದ್ದಕ್ಕಿದ್ದಂತೆ ಭದ್ರಾವತಿಗೆ ವರ್ಗವಾಯಿತು, ಕ್ಯಾರಿಯರ್ ಇಲ್ಲೇ ಉಳಿಯಿತು. ಖಾಲಿ ಕಳಿಸುವಂತಿಲ್ಲ. ಜೀವ ಉಳಿಸಿದ ಗಂಜಿಗೆ ಸಮನಾಗಿ ಅದರೊಳಗೆ ಏನನ್ನು ತುಂಬುವುದು? ಚಕ್ಕುಲಿಯೇ, ಕೋಡುಬಳೆಯೇ? ಯೋಚನೆಯಲ್ಲೇ ವರ್ಷಗಳು ಉರುಳಿದವು. ಈಚೆಗೆ ಒಂದು ಮದುವೆಮನೆಯಲ್ಲಿ ಅವಳ ಇ-ಮೇಲ್ ವಿಳಾಸ ಸಿಕ್ಕಿತ್ತು. ಫೋನ್ ಮಾಡಲು ಸರ್ವಮಂಗಳಮ್ಮನಿಗೆ ಮುಖವಿರಲಿಲ್ಲ. ಬರೆಯೋಣವೆಂದರೆ ಬರಿಯ ಮಾತನ್ನು ಹೇಗೆ ಕಳಿಸುವುದು?

ಪಂಚಾಕ್ಷರಯ್ಯನವರಿಗೆ ಇದೆಲ್ಲ ಗೊತ್ತಿತ್ತು. ಅದಕ್ಕೇ ಕುಕ್ಕರು.

"ಇನ್ನು ಮೇಲೆ ನಮ್ಮನೇ ಉತ್ತರ ಯಾವುದೂ ಖಾಲಿ ಹೋಗಲ್ಲ ಕಣೇ," ಎಂದು ಅವರು ಎದೆಯುಬ್ಬಿಸಿ ಕುಕ್ಕರಿನೊಳಗೆ ಒಂದು ಚಮಚ ಸಕ್ಕರೆ ಸುರಿದರು. ವಸ್ತುವೆಂದರೆ ಗಟ್ಟಿಯಾದ ಸಂದೇಶ, ಸಂದೇಶವೆಂದರೆ ತೆಳ್ಳಗಾದ ವಸ್ತು, ತೆಳ್ಳಗೆ ಮಾಡಿ ಕಳಿಸಿದರೆ ಅಲ್ಲಿ ಗಟ್ಟಿಯಾಗುತ್ತದೆ ಎಂದು ವಿವರಿಸಿದರು. ಕೇಳಿದವರಿಗೆ ಅರ್ಥವಾಗಲಿಲ್ಲ. ಹೇಳಿದವರಿಗೂ ಆಗಿದ್ದಂತೆ ಕಾಣಲಿಲ್ಲ.

ನಾಗಭೂಷಣರು ತಮ್ಮ ಫೋನಿನಿಂದ 'ಚೆನ್ನಾಗಿದ್ದೀರಾ' ಎಂದು ಒಂದು ಮೇಲ್ ಕಳಿಸಿದರು. ಪಂಚಾಕ್ಷರಯ್ಯನವರು 'ಚೆನ್ನಾಗಿದ್ದೇವೆ' ಎಂದು ಉತ್ತರಿಸಿದರು. ಕುಕ್ಕರು ಒಮ್ಮೆ ಗುರ್ರೆಂದಿತು. ನಾಗಭೂಷಣರ ಅಂಗೈಯಲ್ಲಿದ್ದ ಫೋನಿನ ಮೇಲೆ ಒಂದು ಚಮಚ ಸಕ್ಕರೆ ಸರ್ರನೆ ಬಂದು ಬಿತ್ತು! ಅವರು ನೆಕ್ಕಿ ನೋಡಿ, ಕಾಫಿಪುಡಿಯೂ ಬರುತ್ತದೆಯೇ ಎಂದು ವಿಚಾರಿಸಿದರು.

ಸರ್ವಮಂಗಳಮ್ಮನ ಮುಖ ಅರಳಿತು. ತಂತ್ರಾಂಶದವರಿಗೆ ಮೊದಲು ಸಕ್ಕರೆ ಹೋಗಬೇಕು ಎಂದರು, ಹೋಯಿತು. ಆಮೇಲೆ, ನಾವು ಮನೆಯಲ್ಲಿಲ್ಲದಾಗ ಟಪಾಲು ಬಂದರೆ ಅದು ಬರಿಗೈಲಿ ನಿಂತಿರಬೇಕೇ ಎಂದು ಕೇಳಿದರು. ಅದೂ ನ್ಯಾಯವೇ! ಪಂಚಾಕ್ಷರಯ್ಯನವರು ತಂತ್ರಾಂಶವನ್ನು ಇನ್ನಷ್ಟು ಬಿಚ್ಚಿ, ಯಾರಿಂದ ಏನು ಬಂದರೂ ಅದಕ್ಕೆ ತಾನೇ ಉತ್ತರಿಸಿ, ಹತ್ತಿರದಲ್ಲಿ ಕಂಡದ್ದನ್ನು ಜೊತೆಗಿಟ್ಟು ಕಳಿಸುವಂತೆ ಅಪ್ಪಣೆ ಕೊಟ್ಟರು. ಮೈಮೇಲೆ ತೊಟ್ಟಿದ್ದನ್ನು ಮಾತ್ರ ಮುಟ್ಟಕೂಡದೆಂದು ಸರ್ವಮಂಗಳಮ್ಮ ತಾಕೀತು ಮಾಡಿದರು. ಆ ಒಂದು ಮಾತಿನಿಂದ ಮುಂದೆ ಇಬ್ಬರ ಮಾನ ಉಳಿಯಿತು.

ಬೆಳಿಗ್ಗೆ ಎದ್ದು ನೋಡಿದರೆ ಸಕ್ಕರೆ ಡಬ್ಬಿ ಇಲ್ಲ. ಬೆಲ್ಲವಿಲ್ಲ. ಮೂಲೆಯಲ್ಲಿಟ್ಟಿದ್ದ ಕೊಬ್ಬರಿ ಚೀಲವೂ ಇಲ್ಲ. ಕಂಪ್ಯೂಟರಿನ ಮುಂದೆ ಕೂತ ಪಂಚಾಕ್ಷರಯ್ಯನವರು ಒಂದೊಂದೇ ಉತ್ತರವನ್ನು ತೆರೆದು ಓದತೊಡಗಿದರು. ರಿಯಾಯಿತಿ ಮಾರಾಟದ ಸುದ್ದಿ ಕಳಿಸಿದ ಸೀರೆ ಅಂಗಡಿಗೆ ಅಚ್ಚುಬೆಲ್ಲ ಹೋಗಿತ್ತು. ಸಾಲ ಬೇಕೇ ಎಂದು ಕೇಳಿದವರಿಗೆ ದೋಸೆ ಹಂಚು. ಸೊಂಟನೋವಿನ ಎಣ್ಣೆಯವರಿಗೆ ಪಂಚಾಕ್ಷರಯ್ಯನವರ ಹಲ್ಲಿನ ಸೆಟ್ಟು.

"ಅದಕ್ಕೇ ಬೆಳಿಗ್ಗೆಯಿಂದ ನೀವು ಮಾತಾಡ್ತಿರೋದು ಅರ್ಥ ಆಗ್ತಿಲ್ಲ," ಎಂದರು ಸರ್ವಮಂಗಳಮ್ಮ.

ಆಶ್ಚರ್ಯವೆಂದರೆ, ಪಡೆದವರೆಲ್ಲ ಕೃತಜ್ಞರಾಗಿದ್ದರು. ತಂತ್ರಾಂಶದವರು ಬಿಳಿಯ ಪುಡಿ ಕಂಡು ಮೊದಲು ಹೆದರಿದರಂತೆ, ಆಮೇಲೆ ಧೈರ್ಯಮಾಡಿ ನೆಕ್ಕಿದರಂತೆ. ಇಷ್ಟು ವರ್ಷದಲ್ಲಿ ತಪ್ಪು ತೋರಿಸಿ ಬರೆದವರೇ ಹೆಚ್ಚು, ಸಿಹಿ ಕಳಿಸಿದವರು ನೀವೇ ಮೊದಲು ಎಂದು ಬರೆದಿದ್ದರು. ಇನ್ನು, ಕೋಟಿಗಟ್ಟಲೆ ಆಸ್ತಿ ಕೊಡುತ್ತೇನೆಂದು ಎಲ್ಲರಿಗೂ ಬರೆಯುವ ಪರದೇಶದ ರಾಜಕುಮಾರನೊಬ್ಬನಿಗೆ ಕೊಬ್ಬರಿ ಗಿಟುಕು ಸಿಕ್ಕಿತ್ತು. ಅವನ ಉತ್ತರವನ್ನು ಪಂಚಾಕ್ಷರಯ್ಯನವರು ತೊದಲುತ್ತಲೇ ಕನ್ನಡದಲ್ಲಿ ಹೇಳಿದರು: "ಅಯ್ಯಾ, ಈ ಕಸುಬಿಗೆ ಬಂದಾಗಿನಿಂದ ನನ್ನನ್ನು ಬೈದವರೇ ಎಲ್ಲ. ತಿನ್ನಲು ಕೊಟ್ಟವರು ನೀವೊಬ್ಬರೇ. ದಯವಿಟ್ಟು ನನಗೆ ದುಡ್ಡು ಕಳಿಸಬೇಡಿ."

ಸರ್ವಮಂಗಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಪಾಪ, ಯಾರು ಹೆತ್ತ ಮಗುವೋ.

ತೊಂದರೆ ಶುರುವಾದದ್ದು ಅಲ್ಲೇ. ಧನ್ಯವಾದ ಹೇಳಿ ಬಂದ ಪತ್ರವೂ ಪತ್ರವೇ ತಾನೆ? ಅದನ್ನೂ ಖಾಲಿ ಕಳಿಸುವಂತಿಲ್ಲ. ಕುಕ್ಕರು ಮತ್ತೆ ಗುರ್ರೆಂದು ರಾಜಕುಮಾರನಿಗೆ ಪಂಚಾಕ್ಷರಯ್ಯನವರ ಎಡಗಾಲಿನ ಚಪ್ಪಲಿ ಕಳಿಸಿತು. ಅಷ್ಟರಲ್ಲಿ ಒಂದು ಹಾಸಿಗೆ ಕಂಪನಿಯಿಂದ, ನಿಮ್ಮ ಪತ್ರ ತಲುಪಿದೆ, ಧನ್ಯವಾದ ಎಂದು ಬಂತು. ಅದನ್ನು ಬರೆದದ್ದು ಮನುಷ್ಯರಲ್ಲ, ತಾನೇ ಉತ್ತರಿಸುವ ಅಲ್ಲಿನ ಯಂತ್ರ. ಇಲ್ಲಿಂದ ಲಟ್ಟಣಿಗೆ ಹೋಯಿತು. ಅಲ್ಲಿಂದ ಧನ್ಯವಾದ ಬಂತು. ಇಲ್ಲಿಂದ ಲೋಟಗಳು ಹೋದವು. ಅಲ್ಲಿಂದ ಧನ್ಯವಾದ ಬಂತು! ಎರಡಕ್ಕೂ ಸುಸ್ತೆಂಬುದಿಲ್ಲ, ಮರ್ಯಾದೆಗೂ ಮಿತಿಯಿಲ್ಲ. ಕುರ್ಚಿ, ಗಡಿಯಾರ, ಕೊನೆಗೆ ಕಂಪ್ಯೂಟರಿನ ಕೆಳಗಿದ್ದ ಮೇಜೇ ಹೋಗಿ, ಕಂಪ್ಯೂಟರು ದೊಪ್ಪನೆ ನೆಲಕ್ಕೆ ಕೂತಿತು. ಅದನ್ನೇ ಕಳಿಸಿಬಿಟ್ಟರೆ ಆಮೇಲೆ ಕಳಿಸುವುದು ಹೇಗೆ ಎನ್ನುವಷ್ಟು ಬುದ್ಧಿ ಮಾತ್ರ ಕುಕ್ಕರಿಗಿತ್ತು.

ಆರಿಸಿಬಿಡಿ ಎಂದು ಸರ್ವಮಂಗಳಮ್ಮ ಕೂಗಿದರು. ಸ್ವಿಚ್ಚೇ ಇರಲಿಲ್ಲ. ಒಳ್ಳೆಯ ಯಂತ್ರಕ್ಕೆ ಅದು ಅವಮಾನವೆಂದು ಪಂಚಾಕ್ಷರಯ್ಯನವರು ಇಟ್ಟಿರಲಿಲ್ಲ. ಕರೆಂಟು ತೆಗೆದರೆ ಬ್ಯಾಟರಿಯಲ್ಲಿ ಓಡುವಂತೆಯೂ ಮಾಡಿದ್ದರು. ವೈರು ಕತ್ತರಿಸೋಣವೆಂದರೆ ಇಕ್ಕಳ ಮೊಟ್ಟಮೊದಲೇ ಹೋಗಿತ್ತು, ಯಂತ್ರಕ್ಕೆ ಅತಿ ಹತ್ತಿರದಲ್ಲಿದ್ದುದು ಅದೇ. ಕೈಯಲ್ಲೇ ಕಿತ್ತುಹಾಕಲು ಹೋದವರು ಶಾಕ್ ಹೊಡೆಸಿಕೊಂಡು ಗೋಡೆಗೊರಗಿದರು.

ಅಡುಗೆಮನೆ ಬರಿದಾಯಿತು. ಅಟ್ಟದ ಮೇಲಿಂದ ಹಳೆಯ ಕೊಳಗವೊಂದು ಮಾಯವಾಯಿತು. ಆಗ ಸರ್ವಮಂಗಳಮ್ಮ ಅಟ್ಟದ ಕೆಳಕ್ಕೆ ಓಡಿದರು. ಕೊಳಗದ ಪಕ್ಕದಲ್ಲಿದ್ದುದೇ ಕ್ಯಾರಿಯರ್! ಇನ್ನೊಂದು ಧನ್ಯವಾದ ಬಂದರೆ ಫಿಲೋಮಿನಾಳ ಕ್ಯಾರಿಯರ್ ಯಾವುದೋ ಹಾಸಿಗೆ ಕಂಪನಿಯ ಪಾಲು. ಏಣಿಯೂ ಹೋಗಿದ್ದರಿಂದ ಆಕೆ ಯಜಮಾನರ ಹೆಗಲ ಮೇಲೇ ಹತ್ತಿ, ಅದನ್ನು ಎಳೆದುಕೊಂಡು, ಎದೆಗವಚಿ ಕೆಳಗಿಳಿದರು.

"ಅವಳಿಗೆ ನೀನೇ ಒಂದು ಮೇಲ್ ಬರಿ. ಬೇಗ," ಎಂದರು ಪಂಚಾಕ್ಷರಯ್ಯನವರು, ಹಲ್ಲಿಲ್ಲದಿದ್ದರೂ ಸ್ಪಷ್ಟವಾಗಿ. "ನಾವು ಬರೆದ್ರೂ ಅದು ಹತ್ತಿರದ್ದನ್ನೇ ಕಳಿಸುತ್ತೆ. ನಿನ್ನ ತೊಡೆ ಮೇಲಿಟ್ಕೋ, ಸರಿಯಾದ ಮನೆಗಾದ್ರೂ ಹೋಗ್ಲಿ."

"ಖಾಲಿ ಇದೆಯಲ್ರೀ," ಎಂದರು ಆಕೆ.

ಇಬ್ಬರೂ ಮನೆಯೆಲ್ಲ ನೋಡಿದರು. ಹಾಕಲು ಒಂದು ಸಾಸಿವೆ ಕಾಳೂ ಉಳಿದಿರಲಿಲ್ಲ. ಇಷ್ಟು ವರ್ಷ ಏನು ತುಂಬಲಿ ಎಂದು ಯೋಚಿಸಿದವರಿಗೆ ಈಗ ಯೋಚಿಸಲೂ ಏನೂ ಇರಲಿಲ್ಲ. ಸರ್ವಮಂಗಳಮ್ಮ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡು, ಜೀವನದಲ್ಲಿ ಮೊದಲ ಬಾರಿಗೆ ಒಂದೇ ಬೆರಳಲ್ಲಿ ಇ-ಮೇಲ್ ಬರೆದರು.

'ಫಿಲೋಮಿನಾ, ನಾನು ತಿಪಟೂರಿನ ಮಂಗಳ. ನಿನ್ನ ಕ್ಯಾರಿಯರ್ ಬರ್ತಿದೆ. ಖಾಲಿ ಬರ್ತಿದೆ, ಬೈಕೋಬೇಡ. ನೀನು ಮಾಡಿದ್ದಕ್ಕೆ ಸರಿಸಮ ಏನೂ ಸಿಗಲಿಲ್ಲ. ಇವತ್ತಂತೂ ಮನೇಲಿ ಚಿಟಿಕೆ ಸಕ್ಕರೇನೂ ಇಲ್ಲ. ಅವತ್ತು ನೀನು ಗಂಜಿ ತರದೆ ಹೋಗಿದ್ರೆ ಈ ಬೆರಳು ಇವತ್ತು ಇರ್ತಿರಲಿಲ್ಲ. ನಾನು ಒಂದು ದಿನಾನೂ ಮರೆತಿಲ್ಲ ಕಣೇ.'

ಹಾಸಿಗೆ ಕಂಪನಿಯ ಮುಂದಿನ ಧನ್ಯವಾದ ಪರದೆಯ ಮೂಲೆಯಲ್ಲಿ ತಲೆ ಹಾಕುತ್ತಿತ್ತು. ಅಷ್ಟರಲ್ಲಿ ಸರ್ವಮಂಗಳಮ್ಮ ಕಣ್ಣುಮುಚ್ಚಿ 'ಕಳಿಸು' ಒತ್ತಿದರು. ತೊಡೆ ಹಗುರವಾಯಿತು. ಹಾಸಿಗೆಯವರಿಗೆ ಮನೆಯ ಹೊಸ್ತಿಲಲ್ಲಿದ್ದ ಕಾಲೊರಸು ಹೋಯಿತು. ಮನೆಯಲ್ಲಿ ಉಳಿದಿದ್ದ ಕೊನೆಯ ಬಿಡಿಸಾಮಾನು ಅದೇ.

ಸ್ವಲ್ಪ ಹೊತ್ತಿಗೆ ಟಿಣ್ ಎಂದಿತು. ಪಂಚಾಕ್ಷರಯ್ಯನವರು ಇನ್ನೇನು ಹೋಗುತ್ತದೋ ಎಂದು ಕಂಬವನ್ನು ತಬ್ಬಿಕೊಂಡರು. ಬಂದದ್ದು ಭದ್ರಾವತಿಯಿಂದ: 'ಮಂಗಳಾ, ನಾಳೆ ಬೆಳಿಗ್ಗೆ ರೈಲಿಗೆ ಬರ್ತಿದೀನಿ.'

ಕುಕ್ಕರು ಗುರ್ರೆಂದಿತು. ಸುತ್ತ ತಡಕಾಡಿತು. ಹತ್ತಿರದಲ್ಲಿ ಏನೂ ಇಲ್ಲ, ದೂರದಲ್ಲೂ ಇಲ್ಲ. ಆದರೆ ಖಾಲಿ ಕಳಿಸುವುದು ಆ ಮನೆಯ ಪದ್ಧತಿಯಲ್ಲವಲ್ಲ! ಎರಡು ಸಲ ಕೆಮ್ಮಿ, ವೈರುಗಳ ಸಮೇತ ಅದು ತನ್ನನ್ನೇ ಕಳಿಸಿಕೊಂಡಿತು. ಆಮೇಲೆ ಹಾಸಿಗೆ ಕಂಪನಿಯಿಂದ ಧನ್ಯವಾದ ಬಂದರೂ ಯಾರೂ ಅದಕ್ಕೆ ಉತ್ತರ ಕೊಡಲಿಲ್ಲ.

ಮರುದಿನ ಫಿಲೋಮಿನಾ ಆಟೋದಿಂದಿಳಿದಾಗ ಕೂದಲೆಲ್ಲ ಬೆಳ್ಳಗಾಗಿತ್ತು, ಕೈಯಲ್ಲಿ ಅದೇ ಕ್ಯಾರಿಯರ್. ಮೇಲಿನ ಡಬ್ಬಿಯಲ್ಲಿ ಸಕ್ಕರೆ, ನಡುವಿನದರಲ್ಲಿ ದಿಢೀರ್ ಕಾಫಿಪುಡಿ, ಕೆಳಗಿನದರಲ್ಲಿ ಹಾಲಿನ ಪ್ಯಾಕೆಟ್ಟು. ಸರ್ವಮಂಗಳಮ್ಮ ಬಾಗಿಲಲ್ಲೇ ಅವಳ ಕೈ ಹಿಡಿದುಕೊಂಡು ನಿಂತುಬಿಟ್ಟರು. ಹೇಳಬೇಕಾದ್ದನ್ನೆಲ್ಲ ನಿನ್ನೆಯೇ ಬರೆದಾಗಿತ್ತು, ಈಗ ಬರಿಯ ಅಳು ಬಂತು.

"ಹುಚ್ಚಿ, ಅದು ನಿನಗೇ ಅಂತ ತಂದಿದ್ದ ಕ್ಯಾರಿಯರ್ ಕಣೇ," ಎಂದಳು ಫಿಲೋಮಿನಾ. "ವಾಪಸ್ ಯಾರು ಕೇಳಿದ್ರು ನಿನ್ನ?"

ಗೋಡೆಯ ಕಟ್ಟೆಗೆ ಬಿಗಿದಿದ್ದ ಒಲೆ ಹೇಗೋ ಉಳಿದಿತ್ತು. ಸಕ್ಕರೆ, ಕಾಫಿಪುಡಿಯನ್ನು ಸೆರಗಿನ ತುದಿಗೆ ಗಂಟು ಕಟ್ಟಿ ಡಬ್ಬಿಗಳನ್ನು ಬರಿದು ಮಾಡಿ, ಕೆಳಗಿನದರಲ್ಲೇ ಹಾಲು ಕಾಯಿಸಿದರು. ಎದುರುಮನೆಯಿಂದ ಲೋಟ ತರಲು ಸರ್ವಮಂಗಳಮ್ಮ ಒಪ್ಪಲಿಲ್ಲ. ತಂದರೆ ಖಾಲಿ ಕೊಡುವಂತಿಲ್ಲ, ತುಂಬಲು ಮನೆಯಲ್ಲೇನಿದೆ? ಗೆಳತಿಯರಿಬ್ಬರೂ ಒಂದೊಂದು ಡಬ್ಬಿಯಲ್ಲಿ ಕಾಫಿ ಕುಡಿದರು. ಪಂಚಾಕ್ಷರಯ್ಯನವರಿಗೆ ಮುಚ್ಚಳದಲ್ಲಿ ಸಿಕ್ಕಿತು. ಅಂಥ ಕಾಫಿಯನ್ನು ಸರ್ವಮಂಗಳಮ್ಮ ಇಪ್ಪತ್ತು ವರ್ಷದಿಂದ ಕುಡಿದಿರಲಿಲ್ಲ.

ಮುಚ್ಚಳ ಕೆಳಗಿಟ್ಟು ಪಂಚಾಕ್ಷರಯ್ಯನವರು ಮೆಲ್ಲಗೆ, ತಮ್ಮ ಯಂತ್ರ ಅಲ್ಲಿಗೆ ಕ್ಷೇಮವಾಗಿ ಬಂತೇ, ಜೊತೆಗೆ ತರಲಿಲ್ಲವೇ ಎಂದು ವಿಚಾರಿಸಿದರು.

"ಬಂದಿದೆ ಅಣ್ಣಾ. ಆದ್ರೆ ನಿಮ್ಮ ಮನೆ ಪಾತ್ರೇನ ಖಾಲಿ ಹೆಂಗೆ ತರ್ಲಿ? ಅದಕ್ಕೆ ತಕ್ಕಂಥದ್ದು ಏನಾದ್ರೂ ಸಿಗ್ಲಿ, ತುಂಬ್ಕೊಂಡು ತರ್ತೀನಿ," ಎಂದಳು ಫಿಲೋಮಿನಾ.

ಎಷ್ಟು ದಿನವಾಗಬಹುದು ಎಂದು ಅವರು ಕೇಳಿದರು.

"ನನಗೆ ಇಪ್ಪತ್ತು ವರ್ಷ ಹಿಡೀತು ಕಣ್ರೀ," ಎಂದು ಸರ್ವಮಂಗಳಮ್ಮ ಡಬ್ಬಿ ತೊಳೆಯಲು ಎದ್ದರು.