ಹುಣಿಸೆಮರಕ್ಕೆ ಹೋಗುವ ರೈಲು

ಮಲ್ಲತ್ತಹಳ್ಳಿ ಕೆರೆಯ ಈಚೆಗಿರುವ ನಮ್ಮ ಬಡಾವಣೆಯ ಪಾರ್ಕಿನಲ್ಲಿ, ಜನ ಹತ್ತಿ ಕೂರಬಹುದಾದ ಪುಟ್ಟ ರೈಲೊಂದು ಸಾರ್ವಜನಿಕರ ಸೇವೆಗೆ ಸಮರ್ಪಣೆಯಾಗಿದೆ ಎಂದು ಕ್ಷೇಮಾಭಿವೃದ್ಧಿ ಸಂಘದ ಸಹಕಾರ್ಯದರ್ಶಿಯಾದ ನಾನು ಈ ಮೂಲಕ ತಿಳಿಯಪಡಿಸುತ್ತೇನೆ. ರೈಲಿನ ಎತ್ತರ ಮೊಣಕಾಲಿನಷ್ಟು. ಹಳಿ ಪಾರ್ಕನ್ನು ಒಂದು ಸುತ್ತು ಹಾಕಿ ಹೊರಟ ಗೇಟಿಗೇ ಬಂದು ಸೇರುತ್ತದೆ. ರೈಲು ಓಡುವುದಿಲ್ಲ ಎಂದು ಕೆಲವರು ವಾಟ್ಸಾಪಿನಲ್ಲಿ ಬರೆದಿದ್ದಾರೆ. ಅಂಥವರು ಮನೆಯಲ್ಲಿ ಕೂತು ಮೊಬೈಲ್ ಕುಟ್ಟುವ ಬದಲು ಒಂದು ಸಲ ಬಂದು ಪ್ರಯಾಣ ಮಾಡಿ ನೋಡಲಿ.

ಯೋಜನೆಗೆ ಮೂಲ ಕಾರಣ ಅಕ್ಕಯ್ಯಮ್ಮನವರು. ಈ ಪಾರ್ಕು ಹಿಂದೆ ಅವರ ಮನೆಯವರ ರಾಗಿ ಹೊಲ. ಅದರ ಆ ತುದಿಯಲ್ಲಿ ಅವರ ಯಜಮಾನರು ನೆಟ್ಟ ಹುಣಿಸೆಮರ ಇನ್ನೂ ಇದೆ. ಮಂಡಿನೋವಿನಿಂದ ಅಕ್ಕಯ್ಯಮ್ಮನವರಿಗೆ ಗೇಟು ದಾಟಿ ನಡೆಯಲಾಗುವುದಿಲ್ಲ. "ಸಾಯೋದ್ರೊಳಗೆ ಆ ಮರದ ತಾವ್ಕೆ ಒಂದ್ಸಲ ಹೋಗ್ಬರ್ಬೇಕು ಕಣಪ್ಪ" ಎಂದು ಸಭೆಯಲ್ಲಿ ಕೇಳಿದರು. ವೀಲ್‌ಚೇರಿನಲ್ಲಿ ತಳ್ಳಿಕೊಂಡು ಹೋಗೋಣ ಎಂದು ಯಾರೋ ಅಂದರು. ಅಧ್ಯಕ್ಷ ಕಾಂತರಾಜು ಅವರಿಗೆ ಅದು ಸರಿಬರಲಿಲ್ಲ.

"ಜಮೀನು ಕೊಟ್ಟ ಮನೆತನ ರೀ. ಗೌರವವಾಗಿ ರೈಲಲ್ಲೇ ಕರ್ಕೊಂಡು ಹೋಗೋಣ" ಎಂದರು. ಚಪ್ಪಾಳೆ ಬಿತ್ತು.

ಒಂದು ಇಂಜಿನ್, ಮೂರು ಬೋಗಿ ಮಾಡಿಕೊಡಲು ಕಾಮಾಕ್ಷಿಪಾಳ್ಯದ ವೆಲ್ಡರ್ ಮುರುಗೇಶ್‌ಗೆ ಹೇಳಿದೆವು. ಒಂದು ಬೋಗಿಯಲ್ಲಿ ನಾಲ್ವರು ಕಾಲು ಇಳಿಬಿಟ್ಟು ಕೂರಬಹುದಿತ್ತು. ಬೋಗಿಗೆ ದಾನಿಗಳು ಬೇಕಾಗಿದ್ದಾರೆ ಎಂದು ಬೋರ್ಡಿನಲ್ಲಿ ಬರೆದದ್ದೇ ತಡ, ಜನ ಮುಗಿಬಿದ್ದರು. ದೇವಸ್ಥಾನಕ್ಕೆ ಟ್ಯೂಬ್‌ಲೈಟ್ ಕೊಟ್ಟರೆ ಬೆಳಕೇ ಬಾರದಷ್ಟು ದಪ್ಪಕ್ಕೆ ಹೆಸರು ಬರೆಸುವವರು ನಾವು, ಬೋಗಿ ಅಂದರೆ ಬಿಡುತ್ತೇವೆಯೇ? ತಂದೆಯವರ ಸ್ಮರಣಾರ್ಥ ಒಂದು, ಅತ್ತೆಯವರ ಸ್ಮರಣಾರ್ಥ ಒಂದು ಬಂತು. ಮುನಿಯಪ್ಪನವರಂತೂ ಮಕ್ಕಳನ್ನು ನಂಬದೆ, ಗಟ್ಟಿಮುಟ್ಟಾಗಿರುವಾಗಲೇ ತಮ್ಮ ಸ್ಮರಣಾರ್ಥ ತಾವೇ ಒಂದು ಕೊಟ್ಟರು. ಬೋಗಿಗೊಂದು ಕರಿ ಗ್ರಾನೈಟ್ ಫಲಕ. ಫಲಕ ಕೂತ ಮೇಲೆ ಒಬ್ಬರು ಕೂರುವಷ್ಟು ಜಾಗ ಉಳಿಯಿತು, ಅದೂ ಸ್ವಲ್ಪ ವಾರೆಯಾಗಿ.

"ಇಂಜಿನ್ ಎಳೆಯಲ್ಲ ಸಾರ್. ಸ್ಮಶಾನಾನೇ ಮೆರವಣಿಗೆ ಹೊರಟಂಗಿದೆ" ಎಂದ ಮುರುಗೇಶ್. ಅವನ ಮಾತನ್ನು ನಡವಳಿಯಿಂದ ಕೈಬಿಡಲಾಯಿತು.

ಬಂದ ದಾನಿಗಳಿಗೆ ಇಲ್ಲವೆನ್ನಲಾಗದೆ, ಮೂರಕ್ಕೆ ಮುಗಿಯಬೇಕಿದ್ದ ಬೋಗಿಗಳ ಸಾಲು ಬೆಳೆದು ಬೆಳೆದು, ಪಾರ್ಕನ್ನೆಲ್ಲ ಬಳಸಿ, ಕೊನೆಗೆ ಇಂಜಿನ್‌ನ ಮೂತಿಗೇ ಬಂದು ತಾಗಿತು. ಆಗ ಶುರುವಾಯಿತು ನೋಡಿ ತಕರಾರು. ತಮ್ಮ ಹಿರಿಯರು ಕೊನೆಯ ಬೋಗಿಯಲ್ಲಿರುವುದು ಯಾರಿಗೂ ಬೇಡ. "ನಮ್ಮಪ್ಪ ಮದುವೆ ಊಟದಲ್ಲಿ ಮೊದಲ ಪಂಕ್ತಿ ಬಿಟ್ಟು ಕೂತೋರಲ್ಲ. ಈಗ ಅವ್ರನ್ನ ಬಾಲಕ್ಕೆ ಕಟ್ತೀರಾ?" ಎಂದು ಒಬ್ಬರು ನನ್ನ ಮೇಲೇ ಎಗರಿದರು.

ಸಂಘ ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಿತು. ಮೊದಲು, ಕೊನೆ ಎಂಬ ಭೇದ ಹುಟ್ಟುವುದೇ ಇಂಜಿನ್‌ನಿಂದ. ಮೇಲಾಗಿ ಅದಕ್ಕೆ ದಾನಿಗಳೂ ಇಲ್ಲ. ಆದಕಾರಣ ಇಂಜಿನ್ ತೆಗೆದು, ಆ ಜಾಗಕ್ಕೆ ಇನ್ನೊಂದು ಬೋಗಿ ಕೂರಿಸಿ, ಎರಡೂ ಕಡೆ ಕೊಂಡಿ ಹಾಕಿದೆವು. ಈಗ ಎಲ್ಲರೂ ಮೊದಲನೆಯವರೇ. ಇಂಜಿನ್‌ಗೆ ಗೇಟಿನ ಪಕ್ಕ ಕಟ್ಟೆ ಕಟ್ಟಿಸಿ ಹಾರ ಹಾಕಲಾಗಿದೆ.

"ಹಂಗಾದ್ರೆ ನಾನು ಮರದ ತಾವ್ಕೆ ಹೋಗೋದು ಹೆಂಗಪ್ಪ?" ಎಂದು ಅಕ್ಕಯ್ಯಮ್ಮ ನನ್ನನ್ನು ಕೇಳಿದರು. ಕೂಡಲೇ ಸೂಕ್ತ ವ್ಯವಸ್ಥೆ ಮಾಡಿದೆ.

ಉದ್ಘಾಟನೆಯ ದಿನ ಮೈಕಿನಲ್ಲಿ ನಾನೇ ಪ್ರಕಟಿಸಿದೆ. "ಪ್ರಯಾಣಿಕರ ಗಮನಕ್ಕೆ. ಗೇಟಿನಿಂದ ಹೊರಟು ಗೇಟಿಗೆ ಹೋಗುವ ರೈಲು ಸರಿಯಾದ ಸಮಯಕ್ಕೆ ಗೇಟಿನಲ್ಲೇ ಇದೆ. ದಾನಿಗಳ ಹೆಸರಿಗೆ ಬೆನ್ನು ಒರಗಿಸತಕ್ಕದ್ದಲ್ಲ."

ಅಕ್ಕಯ್ಯಮ್ಮನವರನ್ನು ಮುನಿಯಪ್ಪನವರ ಬೋಗಿಯಲ್ಲಿ ಕೂರಿಸಿದೆವು. ಕೊಪ್ಪಳದ ಕಡೆಯಿಂದ ಬಂದ ನಮ್ಮ ಪಾರ್ಕಿನ ಮಾಲಿ ವೀರೇಶ, ಹುಣಿಸೆಮರದ ಫೋಟೋ ಹಾಕಿಸಿದ ದೊಡ್ಡ ಫ್ಲೆಕ್ಸ್ ಎತ್ತಿ ಹಿಡಿದು, ಅವರ ಮುಂದೆ ಈ ಕಡೆಯಿಂದ ಆ ಕಡೆಗೆ ಓಡಿದ. ಅಕ್ಕಯ್ಯಮ್ಮ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಬಂದ್ಬಿಡ್ತು ಅಕ್ಕಯ್ಯಮ್ಮ, ಇಳೀರಿ" ಎಂದರು ಕಾಂತರಾಜು.

"ಎಲ್ಲಿಗಪ್ಪ ಬಂದಿದ್ದು?"

"ಹತ್ತಿದ ಜಾಗಕ್ಕೇ. ಸುತ್ತು ಹಾಕಿದ್ರೂ ಇಲ್ಲಿಗೇ ತಾನೆ ಬರ್ತಿದ್ದಿದ್ದು?"

ಅಕ್ಕಯ್ಯಮ್ಮ ತಲೆಯಾಡಿಸಿದರು. "ಅದೂ ದಿಟವೇ. ಆದ್ರೆ ರೈಲು ಬೋ ಜೋರು, ಮರ ಸರಿಯಾಗಿ ಕಾಣ್ಲಿಲ್ಲ. ಇನ್ನೊಂದು ಸುತ್ತು ಹೋಗ್ಬರ್ತೀನಿ. ಮರದ ತಾವ ಒಂದ್ಗಳಿಗೆ ನಿಲ್ಸಕ್ಕೆ ಹೇಳು" ಎಂದರು.

"ನಿಲ್ಲಸ್ತೀನ್ರೀ ಅಮ್ಮಾರ" ಎಂದು ವೀರೇಶ ಫ್ಲೆಕ್ಸ್ ತಂದು ಅವರ ಮುಂದೆ ನಿಂತ. ಅಕ್ಕಯ್ಯಮ್ಮ ಕೈ ಚಾಚಿ ಅದನ್ನು ಮೇಲಿಂದ ಕೆಳಗೆ ಸವರಿದರು. "ಚೆನ್ನಾಗಿ ಚಿಗುರಿದೆ" ಎಂದರು. ನನಗೂ ಕಣ್ಣು ತುಂಬಿ ಬಂತು. ಹಿಂದೆ ಸಾಲಿನಲ್ಲಿ ನಿಂತವರು ಮಾತ್ರ, "ಬೇಗ ಹೋಗಿ ಬನ್ನಿ ಅಜ್ಜಿ, ನಮ್ಮ ಟ್ರೈನ್ ಲೇಟಾಗ್ತಾ ಇದೆ" ಎಂದು ಗೊಣಗಿದರು.

ವೀರೇಶ ನಿಂತ ಜಾಗವನ್ನು ಹುಣಿಸೆಮರ ನಿಲ್ದಾಣವೆಂದು ಘೋಷಿಸಲಾಗಿದೆ. ಫ್ಲೆಕ್ಸಿಗೆ ದಾನಿಗಳು ಬೇಕಾಗಿದ್ದಾರೆ.