ಭಟ್ಟರ ರಕ್ತಕ್ಕೆ ಸೋಡಾ

ರಸಾಯನಶಾಸ್ತ್ರದಲ್ಲಿ ಬಿ.ಎಸ್‌ಸಿ. ಮುಗಿಸಿ ಮುಂಬಯಿಯ ಒಂದು ಆಸ್ಪತ್ರೆಯ ಪ್ರಯೋಗಾಲಯ ಸೇರಿದಾಗ, ಇನ್ನು ನನ್ನ ವ್ಯವಹಾರವೆಲ್ಲ ಗಾಜು, ಪಾದರಸ ಮತ್ತು ರಕ್ತದ ಜೊತೆ ಎಂದುಕೊಂಡಿದ್ದೆ. ಈ ಮೂರೂ ಹೇಳಿದಂತೆ ಕೇಳುತ್ತವೆ. ಆದರೆ ರಕ್ತ ಬರುವುದು ಮನುಷ್ಯರಿಂದ, ಅದನ್ನು ಹೊತ್ತು ತರುವವರೂ ಮನುಷ್ಯರೇ. ಹಾಗಾಗಿ ನನ್ನ ಮೇಜಿನ ಸುತ್ತ ಏನಾದರೊಂದು ನಡೆಯದೆ ವಾರ ಕಳೆಯುವುದಿಲ್ಲ. ಒಬ್ಬರೇ ರೋಗಿಯ ದೆಸೆಯಿಂದ ನಡೆದದ್ದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಎಣ್ಣೆ

ರೋಗಿ ಮಾಟುಂಗಾದ ಒಂದು ಉಡುಪಿ ಹೋಟೆಲಿನ ದೋಸೆ ಭಟ್ಟರು. ಅವರಿಗೆ ಕೆಲಸ ಮಾಡುವ ಕಿಡ್ನಿ ಇದ್ದದ್ದು ಒಂದೇ. ಅದರಲ್ಲಿ ಕಲ್ಲು. ಕಿಡ್ನಿ ಸೋತರೆ ದೇಹದ ಆಮ್ಲ ಹೊರಗೆ ಹೋಗದೆ ರಕ್ತದಲ್ಲೇ ಉಳಿಯುತ್ತದೆ. ಭಟ್ಟರು ಮಂಚದ ಮೇಲೆ ಮಲಗಿಯೇ ಮೂರು ಮಹಡಿ ಹತ್ತಿದವರಂತೆ ಏದುಸಿರು ಬಿಡುತ್ತಿದ್ದರು. ಕಲ್ಲು ತೆಗೆಯದಿದ್ದರೆ ಉಳಿಯುವುದಿಲ್ಲ ಎಂದು ಸರ್ಜನ್ ಹೇಳಿದರು. ಆಮ್ಲ ಇಳಿಯದೆ ಚಾಕು ಮುಟ್ಟುವುದಿಲ್ಲ ಎಂದೂ ಅವರೇ ಹೇಳಿದರು. ಇಳಿಯಿತೋ ಇಲ್ಲವೋ ಎಂದು ಹೇಳಬೇಕಾದದ್ದು ನನ್ನ ಯಂತ್ರ. ಗಾಜಿನ ನಳಿಗೆಯಲ್ಲಿ ಪಾದರಸ ಏರಿಸಿ ಇಳಿಸಿ, ರಕ್ತದಿಂದ ಹೊರಡುವ ಗಾಳಿಯನ್ನು ಅಳೆದು, ಆಮ್ಲ ತಿಂದು ಇನ್ನೆಷ್ಟು ಕ್ಷಾರ ಉಳಿದಿದೆ ಎಂದು ಅದು ತೋರಿಸುತ್ತದೆ.

ರಕ್ತಕ್ಕೆ ಗಾಳಿ ತಾಗಿದರೆ ಅಳತೆ ಕೆಡುತ್ತದೆ. ಆದ್ದರಿಂದ ಸೀಸೆಯಲ್ಲಿ ರಕ್ತದ ಮೇಲೆ ಪ್ಯಾರಫಿನ್ ಎಣ್ಣೆಯ ಪದರ ಇರಬೇಕು, ಸೀಸೆ ಬರ್ಫಿನಲ್ಲಿ, ಅಂದರೆ ಮಂಜುಗಡ್ಡೆಯಲ್ಲಿ, ಬರಬೇಕು. ಇಷ್ಟನ್ನು ವಾರ್ಡ್‌ಬಾಯ್‌ಗೆ ಹೇಳಿದೆ. ಹೆಸರಿಗೆ ಬಾಯ್, ಮೊಮ್ಮಕ್ಕಳಿರುವ ಬಿಳಿ ಮೀಸೆಯ ಮನುಷ್ಯ.

ಸೀಸೆ ಬಂತು. ರಕ್ತದ ಮೇಲೆ ತುಪ್ಪದಂತೆ ಬೆಳ್ಳಗೆ ಏನೋ ಹೆಪ್ಪುಗಟ್ಟಿತ್ತು. ಸೂಜಿ ಇಳಿಯಲಿಲ್ಲ.

"ಇದೇನು?"

"ತೇಲ್, ಸಾಹೇಬ್. ನಿಮ್ಮ ಎಣ್ಣೆ ಖತಮ್ ಆಗಿತ್ತು. ಆಯಾಬಾಯಿ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಕೊಟ್ಟಳು. ಅಸಲಿ ರತ್ನಾಗಿರಿ. ಕಲಬೆರಕೆ ಬಿಲ್ಕುಲ್ ನಾಹೀ."

ಅವನನ್ನು ಭಟ್ಟರ ಮಂಚದ ಬಳಿಗೇ ಕರೆದೊಯ್ದು, ಕೊಬ್ಬರಿ ಎಣ್ಣೆ ಬರ್ಫಿನಲ್ಲಿ ಗಟ್ಟಿಯಾಗುತ್ತದೆ ಎಂದು ವಾರ್ಡಿಗೆಲ್ಲ ಕೇಳುವಂತೆ ವಿವರಿಸಿದೆ. ಅವನು ಮೀಸೆ ನೀವಿಕೊಂಡು ಯೋಚಿಸಿದ.

"ಹಾಗಾದರೆ ಬರ್ಫ್ ಬೇಡ, ಸಾಹೇಬ್."

ದಾನಿಗಳು

ಮರುದಿನ ಬೆಳಿಗ್ಗೆ ಪ್ರಯೋಗಾಲಯದ ಬಾಗಿಲಲ್ಲಿ ಹೋಟೆಲಿನ ಮಾಲೀಕರು ನಿಂತಿದ್ದರು. ಹಿಂದೆ ಅವರ ನೌಕರರ ಸಾಲು. ಅಮೆರಿಕದಲ್ಲಿ ಒಬ್ಬನ ಕಿಡ್ನಿ ತೆಗೆದು ಇನ್ನೊಬ್ಬನಿಗೆ ಜೋಡಿಸಿದ ಸುದ್ದಿಯನ್ನು ಯಾರೋ ಗಿರಾಕಿ ಪೇಪರಿನಲ್ಲಿ ಓದಿ ಹೇಳಿದ್ದರಂತೆ.

"ಯಾರದ್ದು ಬೇಕೋ ತೆಗೊಳ್ಳಿ ಮಾರಾಯ್ರೆ. ಕಾಫಿಯವ, ಸಪ್ಲಾಯರ್, ಕ್ಲೀನರ್ ಎಲ್ಲ ಉಂಟು. ದುಡ್ಡಿನ ಗಲ್ಲೆಯಲ್ಲಿ ಕೂರುವವನದ್ದು ಮಾತ್ರ ಬೇಡ. ಅವ ನನ್ನ ಅಳಿಯ."

ಕಾಫಿಯವನು ಆಗಲೇ ಅಂಗಿಯ ಗುಂಡಿ ಬಿಚ್ಚುತ್ತಿದ್ದ.

"ಅದು ನಡೆದದ್ದು ಅವಳಿಗಳ ನಡುವೆ," ಎಂದೆ. "ಹೊರಗಿನವರದ್ದನ್ನು ದೇಹ ಒಪ್ಪುವುದಿಲ್ಲ. ಮೇಲಾಗಿ ಇಲ್ಲಿ ಅದನ್ನು ಯಾರೂ ಮಾಡುವುದಿಲ್ಲ. ಭಟ್ಟರಿಗೆ ಬೇಕಾದದ್ದು ಕಿಡ್ನಿಯಲ್ಲ. ಆಮ್ಲ ಇಳಿಯಲಿಕ್ಕೆ ಸೋಡಾ ಪುಡಿ ಕೊಡುತ್ತಿದ್ದೇವೆ."

"ಯಾವ ಸೋಡಾ? ಹಿಟ್ಟು ಹುಳಿ ಹೆಚ್ಚಾದರೆ ಕೆಲವು ಹೋಟೆಲಿನವರು ಹಾಕ್ತಾರಲ್ಲ, ಅದಾ?"

"ಅದೇ."

ಮಾಲೀಕರ ಮುಖ ಸಣ್ಣದಾಯಿತು. ಯಾಕೆಂದು ನನಗೆ ಆಗ ತಿಳಿಯಲಿಲ್ಲ. ನೌಕರರನ್ನು ಹೊರಡಿಸಿ, ತಾವು ಮಾತ್ರ ಬಾಗಿಲಿನಿಂದ ವಾಪಸು ಬಂದರು.

"ಅವಳಿ ಇಲ್ಲ. ಆದರೆ ಕುಂದಾಪುರದಲ್ಲಿ ಭಟ್ಟರ ದೊಡ್ಡಪ್ಪನ ಮಗ ಒಬ್ಬ ಉಂಟು. ಹಿಂದಿನಿಂದ ನೋಡಿದರೆ ಇವರೇ. ತಂತಿ ಕೊಡಲಾ?"

"ಹಿಂದಿನಿಂದ ನೋಡಿದರೆ ಸಾಲದು."

"ಯಾಕೆ? ಕಿಡ್ನಿ ಇರುವುದು ಹಿಂದೆಯೇ ಅಲ್ವಾ?"

ಯಂತ್ರದ ದೋಷ

ಪುಡಿ ಶುರುವಾಗಿ ದಿನಗಳು ಕಳೆದರೂ ಭಟ್ಟರ ರಕ್ತದ ಕ್ಷಾರ ಒಂದಿಷ್ಟೂ ಏರಲಿಲ್ಲ. ಉಸಿರು ಇನ್ನಷ್ಟು ಜೋರಾಯಿತು. ಸರ್ಜನ್ ನನ್ನ ಅಂಕಿ ನೋಡಿ, "ನಿಮ್ಮ ಯಂತ್ರ ಕೆಟ್ಟಿದೆ," ಎಂದರು.

ಯಂತ್ರ ಬಿಚ್ಚಿದೆ. ಗಾಜು ತೊಳೆದೆ. ಧಾರಾವಿಯಿಂದ ತೆಳುವಾದ ಚರ್ಮ ತಂದು ಪಾದರಸ ಸೋಸಿದೆ. ಎಲ್ಲ ಜೋಡಿಸಿ ನನ್ನದೇ ರಕ್ತ ತೆಗೆದು ಅಳೆದೆ. ಸರಿಯಾಗಿತ್ತು. ಅಂಕಿಯನ್ನು ಸರ್ಜನ್‌ಗೆ ತೋರಿಸಿದೆ.

"ಬಹಳ ಒಳ್ಳೆಯದು. ಆದರೆ ಆಪರೇಷನ್ ನಿಮಗಲ್ಲವಲ್ಲ," ಎಂದರು.

ಪುಡಿ ಕೊಡುವ ಹೊತ್ತಿಗೆ ನಾನೇ ವಾರ್ಡಿಗೆ ಹೋದೆ. ಭಟ್ಟರ ಪಕ್ಕದ ಮಂಚದಲ್ಲಿ ಬೆಳಗಾವಿಯ ಬಟ್ಟೆ ವ್ಯಾಪಾರಿ. ಟ್ರಾಮಿನಿಂದ ಇಳಿಯುವಾಗ ಬಿದ್ದು ಕಾಲು ಮುರಿದುಕೊಂಡವರು. ನನ್ನನ್ನು ಕಂಡು ಕೈಯೆತ್ತಿ ಮುಗಿದರು.

"ಬರ್ರಿ ಸಾಹೇಬ್ರ! ನಿಮ್ಮ ದವಾಖಾನಿ ಭಾಳ ಚಲೋ ಐತ್ರಿ. ಕಾಲು ಮುರಕೊಂಡು ಬಂದೆ, ಎಷ್ಟೋ ವರ್ಷದ್ದ ಎದಿ ಉರಿ ಹೋತು ನೋಡ್ರಿ." ಸಾಕ್ಷಿಗೆಂಬಂತೆ ಒಂದು ದೀರ್ಘ ತೇಗು ಬಿಟ್ಟರು.

"ಔಷಧ ಯಾರು ಕೊಟ್ಟರು?"

"ಬಾಜೂ ಭಟ್ರು ರೀ. ದೇವರಂಥಾ ಮನಷ್ಯಾ. ತಮ್ಮ ಪುಡಿ ಒಂದೂ ತಾವು ತಗೊಳ್ಳಂಗಿಲ್ಲ. ಎಲ್ಲಾ ನನಗ ಕೊಡ್ತಾರ."

ಸರ್ಜನ್ ಕಾಯುತ್ತಿದ್ದ ಕ್ಷಾರವೆಲ್ಲ ಪಕ್ಕದ ಮಂಚದಲ್ಲಿ ತೇಗುತ್ತಿತ್ತು.

ಹಿಟ್ಟಿನ ಮರ್ಯಾದೆ

ಭಟ್ಟರನ್ನು ಕೇಳಿದೆ. ಅವರು ಉಸಿರಿಗೊಂದು ಮಾತು ಹೇಳಿದರು.

"ಬೊಂಬಾಯಿಗೆ ಬಂದಲ್ಲಿಂದ ನನ್ನ ಹಿಟ್ಟಿಗೆ... ಸೋಡಾ ಮುಟ್ಟಿಸಿದವ ಅಲ್ಲ ನಾನು. ಜನ ಅಷ್ಟು ದೂರದ ಫೋರ್ಟಿನಿಂದ ಬಂದು... ಕ್ಯೂ ನಿಲ್ಲುವುದು ಯಾಕೆ ಅಂತ ಮಾಡಿದ್ದೀರಿ? ಹಿಟ್ಟಿಗೆ ಹಾಕದ್ದನ್ನು... ಮೈಗೆ ಹಾಕಿಕೊಳ್ಳುವುದಾ?"

"ಹಿಟ್ಟು ಬೇರೆ, ರಕ್ತ ಬೇರೆ."

"ರಕ್ತಕ್ಕೆ ಹುಳಿ ಬಂದಿದೆ ಅಂತ ನೀವೇ ಹೇಳಿದಿರಂತಲ್ಲ. ಹುಳಿ ಬಂದದ್ದನ್ನು ತಣ್ಣಗಿನ ಜಾಗದಲ್ಲಿ ಇಡಬೇಕು. ನನ್ನ ಮಂಚ ಫ್ಯಾನಿನ ಕೆಳಗೆ ಹಾಕಿಸಿ."

ಸರ್ಜನ್ ಗದರಿದರು. ಭಟ್ಟರು ಬಾಯಿ ಬಿಗಿದುಕೊಂಡರು. ಸೂಜಿ ತಂದರೆ ಕೈ ಮಡಚಿಕೊಂಡರು. ಇನ್ನು ಹೆಚ್ಚು ದಿನ ಇಲ್ಲ ಎಂದು ಸರ್ಜನ್ ಹೊರಗೆ ಬಂದು ನನಗೆ ಹೇಳಿದರು. ನಾನು ಮಾಲೀಕರಿಗೆ ಹೇಳಿ ಕಳಿಸಿದೆ.

ಅವರು ಬಂದು ಮಂಚದ ಕಾಲ ಬಳಿ ನಿಂತರು. ಟೋಪಿ ಕೈಯಲ್ಲಿತ್ತು.

"ಭಟ್ರೇ, ಒಂದು ವಿಷಯ ಉಂಟು. ನೀವು ಹಿಟ್ಟು ಮುಚ್ಚಿಟ್ಟು ಮಲಗಿದ ಮೇಲೆ... ನಾನು ಒಂದು ಚಿಟಿಕೆ ಹಾಕ್ತಿದ್ದೆ."

"ಎಂತ ಹಾಕ್ತಿದ್ದಿರಿ?"

"ಸೋಡಾ."

ಅಷ್ಟು ದಿನದಲ್ಲಿ ಮೊದಲ ಸಲ ಭಟ್ಟರ ಏದುಸಿರು ನಿಂತಿತು. ನಾನು ಗಾಬರಿಯಾಗಿ ನಾಡಿ ಹಿಡಿದೆ.

"ಯಾವಾಗಿನಿಂದ?"

"ಹೋಟೆಲು ಶುರು ಆದಲ್ಲಿಂದ."

ಭಟ್ಟರು ಮಾಲೀಕರ ಮೇಲಿಂದ ಕಣ್ಣು ತೆಗೆಯದೆ ನನ್ನ ಕಡೆ ಕೈ ಚಾಚಿದರು.

"ಕೊಡಿ ಮಾರಾಯ್ರೆ, ಆ ಪುಡಿ. ಎಷ್ಟು ಉಂಟೋ ಅಷ್ಟೂ ಕೊಡಿ. ನಾನು ಸಾಯಬಾರದು. ಇವರ ಹತ್ತಿರ ಮಾತಾಡಲಿಕ್ಕೆ ಉಂಟು."

ಪರದೆಯ ಆಚೆ

ಕ್ಷಾರ ಏರಿತು. ಎದೆ ಉರಿ ಮತ್ತೆ ಶುರುವಾಯಿತೆಂದು ಬೆಳಗಾವಿಯವರು ದೂರು ಕೊಟ್ಟರು. ಆಪರೇಷನ್ ದಿನ ನನ್ನ ಯಂತ್ರವನ್ನು ಥಿಯೇಟರಿನ ಪಕ್ಕದ ಕೋಣೆಗೆ ಒಯ್ದರು. ರಕ್ತ ಬಂದಂತೆ ಅಳೆದು, ಬಾಗಿಲಲ್ಲಿ ನಿಂತು ಅಂಕಿ ಕೂಗುವುದು ನನ್ನ ಕೆಲಸ.

ಭಟ್ಟರ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕೆಳಗಿನ ಅರ್ಧ ಮರಗಟ್ಟಿಸಿ, ಗೋಡೆಗೆ ಮುಖ ಮಾಡಿ ಮಗ್ಗುಲಾಗಿ ಮಲಗಿಸಿ, ನಡುವೆ ಪರದೆ ಕಟ್ಟಿದ್ದರು. ಮೇಲಿನ ಅರ್ಧಕ್ಕೆ ಪೂರ್ತಿ ಎಚ್ಚರವಿತ್ತು. ಕಿಡ್ನಿ ತೆರೆದ ಹೊತ್ತಿಗೆ ಅಂಕಿ ಕುಸಿಯಿತು. ಕೂಗಿದೆ. ಅರಿವಳಿಕೆಯ ಡಾಕ್ಟರು ನರಕ್ಕೆ ಹನಿಸುತ್ತಿದ್ದ ಬಾಟಲಿಗೆ ಸೋಡಾ ದ್ರಾವಣ ಸೇರಿಸಿದರು. ಮತ್ತೆ ರಕ್ತ ಬಂತು. ಅಳೆದೆ. ಅಂಕಿ ಮೇಲೇರುತ್ತಿತ್ತು. ಅದನ್ನೂ ಕೂಗಿದೆ.

ಗೋಡೆಯ ಕಡೆಯಿಂದ ದನಿ ಬಂತು. "ಈಗ ಎಂತ ಹಾಕಿದ್ದು?"

"ಸೋಡಾ," ಎಂದೆ.

"ಎಷ್ಟು?"

"ಸ್ವಲ್ಪ."

ಸರ್ಜನ್ ಕಲ್ಲನ್ನು ಬಟ್ಟಲಿಗೆ ಹಾಕಿದ ಸದ್ದಾಯಿತು. ಭಟ್ಟರು ಗೋಡೆಗೆ ಹೇಳಿದರು:

"ಸ್ವಲ್ಪ ಅಂತಲೇ ಎಲ್ಲರೂ ಹಾಕುವುದು."

ಸ್ಯಾಂಪಲ್

ಭಟ್ಟರು ಗುಣವಾಗಿ ಅದೇ ಹೋಟೆಲಿಗೆ ವಾಪಸಾದರು. ಮಾಲೀಕರೊಡನೆ ಏನು ಮಾತಾಡಿದರೋ, ದೋಸೆ ತಿನ್ನಲು ಹೋದವರು ಯಾರೂ ನನಗೆ ಹೇಳಲಿಲ್ಲ. ಒಂದು ಸೋಮವಾರ ಅವರೇ ಮೆಟ್ಟಿಲು ಹತ್ತಿ ಪ್ರಯೋಗಾಲಯಕ್ಕೆ ಬಂದರು. ಏದುಸಿರಿಲ್ಲ. ಕೈಯಲ್ಲಿ ಟಿಫಿನ್ ಡಬ್ಬಿ. ಡಬ್ಬಿಯ ತುಂಬ ಬರ್ಫ್, ಅದರ ನಡುವೆ ಒಂದು ಸೀಸೆ.

"ಹಿಟ್ಟು," ಎಂದರು. "ಮಾಲೀಕರು ಸೋಡಾ ಹಾಕುವುದು ಬಿಟ್ಟಿದ್ದಾರೋ ಇಲ್ಲವೋ, ನಿಮ್ಮ ಯಂತ್ರ ಹೇಳಬೇಕು. ಆ ಶರತ್ತಿನ ಮೇಲೆಯೇ ನಾನು ವಾಪಸು ಹೋದದ್ದು. ಸೋಮವಾರ ಸೋಮವಾರ ತರ್ತೇನೆ. ಅವರು ಒಪ್ಪಿದ್ದಾರೆ."

ನನ್ನನ್ನು ಯಾರೂ ಕೇಳಿರಲಿಲ್ಲ.

"ಹುದುಗಿದ ಹಿಟ್ಟಿನಿಂದ ಸೋಡಾ ಇಲ್ಲದಿದ್ದರೂ ಅದೇ ಗಾಳಿ ಬರುತ್ತದೆ. ಯಂತ್ರಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ."

"ತಿಳಿಯುವುದು ಬೇಡ ಮಾರಾಯ್ರೆ. ತಿಳಿಯುವುದಿಲ್ಲ ಅಂತ ಅವರಿಗೆ ತಿಳಿಯದಿದ್ದರೆ ಸಾಕು."

ಸೀಸೆ ಎತ್ತಿ ಬೆಳಕಿಗೆ ಹಿಡಿದೆ. ಬಿರಡೆ ಬಿಗಿಯಾಗಿತ್ತು. ಹಿಟ್ಟಿನ ಮೇಲೆ ಎಣ್ಣೆಯ ಪದರ ಸಮವಾಗಿ ನಿಂತಿತ್ತು.

"ಯಾವ ಎಣ್ಣೆ?"

"ಎಳ್ಳೆಣ್ಣೆ. ಕೊಬ್ಬರಿ ಎಣ್ಣೆ ಗಟ್ಟಿಯಾಗ್ತದೆ ಅಂತ ಅವತ್ತು ನನ್ನ ತಲೆಯ ಹತ್ತಿರ ಅಷ್ಟು ಬೊಬ್ಬೆ ಹೊಡೆದಿರಲ್ಲ."

ನಾನು ಈ ಕೆಲಸಕ್ಕೆ ಸೇರಿದ ಮೇಲೆ ನಿಯಮದ ಪ್ರಕಾರ ಬಂದ ಮೊದಲ ಸ್ಯಾಂಪಲ್ ಅದು. ಬೇರೆಯವರಿಗೂ ಬುದ್ಧಿ ಬರಲಿ ಎಂದು ವಾರ್ಡ್‌ಬಾಯ್‌ನನ್ನು ಕರೆದೆ. "ನೋಡು. ಸ್ಯಾಂಪಲ್ ಅಂದರೆ ಹೀಗಿರಬೇಕು."

ಅವನು ಬಗ್ಗಿ ಸೀಸೆಯನ್ನು ಬಹಳ ಹೊತ್ತು ನೋಡಿದ. ಭಟ್ಟರನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ:

"ರಕ್ತ ಪೂರಾ ಬೆಳ್ಳಗೆ ಸಫೇದ್ ಆಗಿದೆ, ಸಾಹೇಬ್. ಆದರೂ ಎದ್ದು ನಿಂತಿದ್ದಾರೆ!"