ಕೆಮ್ಮುವ ಬಾಡಿಗೆದಾರ

ಎಲ್ಲಕ್ಕೂ ಕಾರಣ ಒಂದು ಕೆಮ್ಮು. ಆ ಕೆಮ್ಮು ಪ್ರೊಫೆಸರ್ ಮಾಲ್ವೆಸ್ತೀತಿಯವರದು. ಆದರೆ ಕೆಮ್ಮುತ್ತಿದ್ದವನು ಒರೆಸ್ತೆ.

ಇಟಲಿಯ ಮಾಚೆರಾತಾ ಊರಿನಲ್ಲಿ ಕಾನೂನು ಓದುವವರಿಗೆ 'ಖಾಸಗಿ ಕಾನೂನಿನ ಮೂಲತತ್ವಗಳು' ಎಂಬ ವಿಷಯ ಮೊದಲ ವರ್ಷದ ಗಂಡಾಂತರ. ಪರೀಕ್ಷೆ ಬಾಯಿಮಾತಿನದು, ಪ್ರಶ್ನೆ ಕೇಳುವವರು ಮಾಲ್ವೆಸ್ತೀತಿ, ಅದೂ ಎಲ್ಲರ ಎದುರಿಗೆ. ಹಾಗಾಗಿ ಓದಿದ್ದನ್ನು ಯಾರಿಗಾದರೂ ಗಟ್ಟಿಯಾಗಿ ಒಪ್ಪಿಸಿ ಅಭ್ಯಾಸ ಮಾಡುತ್ತಾರೆ: ಗೆಳೆಯನಿಗೆ, ಗೆಳತಿಗೆ, ಅಜ್ಜಿಗೆ. ಒರೆಸ್ತೆಗೆ ಆ ಊರಿನಲ್ಲಿ ಮೂವರೂ ಇರಲಿಲ್ಲ. ಅವನು ಮೊಲೀಸೆಯವನು. ಮೊಲೀಸೆ ಎಂಬ ಪ್ರಾಂತ್ಯವೇ ಇಲ್ಲ, ಅದು ನಕಾಶೆ ಬರೆದವರ ಕಟ್ಟುಕತೆ ಎಂಬುದು ಇಟಲಿಯವರ ಹಳೆಯ ತಮಾಷೆ. ಮೊದಲ ದಿನ ತರಗತಿಯಲ್ಲಿ ಪಕ್ಕ ಕೂತ ಹುಡುಗ, "ಮೊಲೀಸೆನಾ? ಹಾಗಾದ್ರೆ ನೀನೂ ಇಲ್ಲ ಬಿಡು" ಎಂದು ನಕ್ಕಿದ್ದ. ಒರೆಸ್ತೆಯೂ ನಕ್ಕಿದ್ದ. ಆಮೇಲೆ ಆ ಹುಡುಗ ಅವನನ್ನು ಮಾತನಾಡಿಸಲೇ ಇಲ್ಲ. ಆಡಿದ ಮಾತಿಗೆ ತಕ್ಕಂತೆ ನಡೆದುಕೊಂಡ.

ಕೊನೆಗೆ ಒರೆಸ್ತೆ ತನ್ನ ಕೋಣೆಯ ಎರಡನೆಯ ಕುರ್ಚಿಗೆ ಚಳಿಗಾಲದ ಕೋಟು ತೊಡಿಸಿ, ಅದನ್ನೇ ಪ್ರೊಫೆಸರರೆಂದು ಭಾವಿಸಿಕೊಂಡ. ಕುರ್ಚಿಯ ಹಿಂದೆ ನಿಂತು, ಅವರ ಹಾಗೇ ಎರಡು ಸಲ ಕೆಮ್ಮಿ, ಅವರ ದಪ್ಪ ದನಿಯಲ್ಲಿ ಪ್ರಶ್ನೆ ಕೇಳುವನು. ಮೇಜು ಸುತ್ತಿ ಈಚೆ ಬಂದು ತನ್ನ ಸಣ್ಣ ದನಿಯಲ್ಲಿ ಉತ್ತರಿಸುವನು. ಬರಬರುತ್ತಾ ಪ್ರೊಫೆಸರರು ಪಾಠ ಬಿಟ್ಟು ಬೇರೆಯದನ್ನೂ ವಿಚಾರಿಸತೊಡಗಿದರು.

"ಊಟ ಆಯ್ತಾ?"

"ಆಯ್ತು ಪ್ರೊಫೆಸರೇ. ಪಾಸ್ತಾ."

"ಇವತ್ತೂ ಪಾಸ್ತಾನೇ?"

ಇಡೀ ಊರಿನಲ್ಲಿ ಅವನ ಊಟದ ಬಗ್ಗೆ ಕೇಳುತ್ತಿದ್ದವರು ಅವರೊಬ್ಬರೇ.

ಪರೀಕ್ಷೆಯ ಬೆಳಿಗ್ಗೆ ಒರೆಸ್ತೆ ಷರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಯಾರೋ ಬಾಗಿಲು ದಬದಬ ಬಡಿದರು. ತೆರೆದರೆ ಮನೆಯೊಡತಿ ಎರ್ಸೀಲಿಯಾ. ಹಿಂದೆ ಗೋಡೆಯಾಚೆಯ ಮನೆಯ ವಿಧವೆ ನಜ್ಜಾರೇನಾ. ಅವರ ಹಿಂದೆ ಕೆಳಮನೆಯ ಫೌಸ್ತೊ. ರೈಲ್ವೆ ಕೆಲಸ ಮುಗಿದು ಎಷ್ಟೋ ವರ್ಷವಾದರೂ ಎದುರಿಗೆ ಸಿಕ್ಕವರನ್ನೆಲ್ಲ ಟಿಕೆಟ್ ಇಲ್ಲದವರಂತೆ ನೋಡುವ ಮನುಷ್ಯ.

"ಎಲ್ಲಿ ಆ ಮುದುಕ?" ಎಂದರು ಎರ್ಸೀಲಿಯಾ.

"ಯಾವ ಮುದುಕ ಸಿನ್ಯೋರಾ?"

"ಒಬ್ಬನೇ ಇರ್ತೀನಿ ಅಂತ ಸಹಿ ಹಾಕಿ, ಇಬ್ಬರು ಸೇರ್ಕೊಂಡಿದೀರಂತೆ. ಸಂಜೆಯೊಳಗೆ ಕೋಣೆ ಖಾಲಿ ಮಾಡು."

"ದೇವರಾಣೆ, ನಾನು ಒಬ್ಬನೇ. ಎಷ್ಟು ಒಬ್ಬನೇ ಅಂದ್ರೆ..."

"ಸುಳ್ಳು!" ಎಂದರು ನಜ್ಜಾರೇನಾ. ಅವರ ಕೂದಲು ಆಗತಾನೇ ಸುರುಳಿ ಸುತ್ತಿಸಿಕೊಂಡು ಬಂದಂತಿತ್ತು. "ಚಳಿಗಾಲದಿಂದ ಕೇಳ್ತಾ ಇದೀನಿ. ಒಳ್ಳೆ ಗಂಭೀರವಾದ ದನಿ. ಓದಿಕೊಂಡವರು. ಆದ್ರೂ ಒಂದು ದಿನ ಬಂದು ನಮಸ್ಕಾರ ಅಂತ ಹೇಳಲಿಲ್ಲ!"

ಫೌಸ್ತೊ ಮಂಚದ ಕೆಳಗೆ ಬಗ್ಗಿ ನೋಡಿದರು. ಬೀರು ತೆರೆದರು. ಆಮೇಲೆ ಮೇಜಿನತ್ತ ಬೆರಳು ತೋರಿಸಿದರು. "ಕಾಫಿ ಕಪ್ಪು ಎರಡು!"

"ಅದೊಂದು ಅವರದು," ಎಂದು ಒರೆಸ್ತೆ ಬಾಯಿ ತಪ್ಪಿ ಅಂದುಬಿಟ್ಟ.

"ನೋಡಿದ್ರಾ!"

ಒರೆಸ್ತೆ ಕಾನೂನಿನ ಮೊರೆಹೋದ. "ಹೇಳಿದವರೇ ಸಾಬೀತು ಮಾಡಬೇಕು. ಸಿವಿಲ್ ಸಂಹಿತೆ ಹಾಗೇ ಹೇಳುತ್ತೆ."

"ಇದು ಇವನ ಬುದ್ಧಿ ಅಲ್ಲ," ಎಂದರು ಫೌಸ್ತೊ. "ಆ ಮುದುಕ ಹೇಳಿಕೊಟ್ಟಿರೋದು."

ಬೇರೆ ದಾರಿಯಿರಲಿಲ್ಲ. ನಜ್ಜಾರೇನಾರನ್ನು ಗೋಡೆಯಾಚೆ ಕಳಿಸಿ, ಮಿಕ್ಕ ಇಬ್ಬರ ಎದುರು ಒರೆಸ್ತೆ ಎರಡು ಸಲ ಕೆಮ್ಮಿ, "ಊಟ ಆಯ್ತಾ?" ಎಂದ. ಮರುಕ್ಷಣವೇ ನಜ್ಜಾರೇನಾ ಓಡಿ ಬಂದರು. "ಅವರೇ! ಈಗ ಮಾತಾಡಿದ್ರು! ಎಲ್ಲಿ?"

ಎರ್ಸೀಲಿಯಾ ಒರೆಸ್ತೆಯತ್ತ ಕೈ ತೋರಿಸಿದರು. ಅವನು ಇನ್ನೊಮ್ಮೆ ಕೆಮ್ಮಿದ. ಒಲೆಯಿಂದ ಬೇಗ ತೆಗೆದ ಕೇಕಿನಂತೆ ನಜ್ಜಾರೇನಾರ ಮುಖ ಕುಸಿಯಿತು. "ಇಷ್ಟೇನಾ?" ಎಂದು ಹೊರಟುಹೋದರು.

"ಆಸಾಮಿ ಒಬ್ಬ, ಬುದ್ಧಿ ಅರ್ಧ," ಎಂದು ಫೌಸ್ತೊ ತೀರ್ಪು ಕೊಟ್ಟರು.

"ಇಬ್ಬರಿದ್ದಿದ್ರೇ ವಾಸಿಯಿತ್ತು," ಎಂದರು ಎರ್ಸೀಲಿಯಾ. "ಹೋಗಲಿ, ಇರು. ಆದ್ರೆ ಇನ್ನೊಂದು ಸಲ ಆ ಕೆಮ್ಮು ಕೇಳಿಸ್ತೋ, ಅವತ್ತೇ ಗಂಟುಮೂಟೆ ಕಟ್ಟು."

ಒರೆಸ್ತೆ ಏದುಸಿರು ಬಿಡುತ್ತಾ ವಿಶ್ವವಿದ್ಯಾಲಯ ಮುಟ್ಟಿದಾಗ ಅವನ ಹೆಸರು ಕೂಗುತ್ತಿದ್ದರು. ಕೂಗಿದ್ದು ಪ್ರೊಫೆಸರರಲ್ಲ. ಅವರು ಪಕ್ಕದ ಮೇಜಿನಲ್ಲಿ ಬೇರೊಬ್ಬ ಹುಡುಗಿಯನ್ನು ಪ್ರಶ್ನೆ ಕೇಳಿ ಕೇಳಿ ಅಳಿಸುತ್ತಿದ್ದರು. ಒರೆಸ್ತೆಯ ಪಾಲಿಗೆ ಬಂದವರು ಅವರ ಸಹಾಯಕಿ. ಕೊಳಲಿನಂಥ ದನಿ.

"ತೋರಿಕೆಯ ಒಪ್ಪಂದ ಅಂದ್ರೆ ಏನು, ಹೇಳಿ."

ಒರೆಸ್ತೆಗೆ ಅದು ಅಂಗೈ ಗೆರೆಯಷ್ಟು ಗೊತ್ತು. ಆದರೆ ಅವನ ನಾಲಿಗೆ ಪಳಗಿದ್ದು ದಪ್ಪ ದನಿಗೆ, ಕೊಳಲಿಗೆ ಏಳಲೊಲ್ಲದು. ಸಹಾಯಕಿ ಮತ್ತೆ ಕೇಳಿದರು, ಇನ್ನೂ ಮೆತ್ತಗೆ. ಬೇರೇನೂ ತೋಚದೆ ಒರೆಸ್ತೆ ಕಣ್ಣು ಮುಚ್ಚಿ, ಎರಡು ಸಲ ಕೆಮ್ಮಿ, ದಪ್ಪ ದನಿಯಲ್ಲಿ ತನಗೆ ತಾನೇ ಗುಡುಗಿದ: "ತೋರಿಕೆಯ ಒಪ್ಪಂದ ಅಂದ್ರೆ ಏನಯ್ಯಾ?"

ಸಭಾಂಗಣ ಗೊಳ್ಳೆಂದಿತು. ಕಣ್ಣು ತೆರೆದರೆ ಎದುರಿಗೆ ಪ್ರೊಫೆಸರ್ ಮಾಲ್ವೆಸ್ತೀತಿ.

"ಕೆಮ್ಮು ಚೆನ್ನಾಗಿ ಬಂದಿದೆ," ಎಂದರು ಅವರು. "ಉಳಿದದ್ದನ್ನು ಸೆಪ್ಟೆಂಬರಿನ ಮರುಪರೀಕ್ಷೆಯಲ್ಲಿ ಕೇಳೋಣ."

ಸಂಜೆ ಒರೆಸ್ತೆ ಕೋಣೆಯಲ್ಲಿ ಕುರ್ಚಿಯ ಎದುರು ಸುಮ್ಮನೆ ಕೂತಿದ್ದ. ಕೋಟು ಊಟದ ವಿಷಯ ಕೇಳಲಿಲ್ಲ. ಕೇಳುವಂತೆಯೂ ಇರಲಿಲ್ಲ.

ಬಾಗಿಲಲ್ಲಿ ಮೆಲ್ಲಗೆ ಸದ್ದಾಯಿತು. ನಜ್ಜಾರೇನಾ. ಕೈಯಲ್ಲಿ ಒಂದು ತಟ್ಟೆ, ತಟ್ಟೆಯಲ್ಲಿ ಮಾಂಸ ತುಂಬಿ ಕರಿದ ಬಿಸಿಬಿಸಿ ಆಲಿವ್. ಒರೆಸ್ತೆಯ ಕಣ್ಣು ತುಂಬಿ ಬಂತು. ಈ ಊರಿಗೆ ಬಂದಮೇಲೆ ಅವನ ಬಾಗಿಲಿಗೆ ಯಾರೂ ತಟ್ಟೆ ತಂದಿರಲಿಲ್ಲ.

"ಬನ್ನಿ ಸಿನ್ಯೋರಾ. ನನಗೋಸ್ಕರ ಯಾಕೆ ಇಷ್ಟೊಂದು..."

"ನಿನಗಲ್ಲಪ್ಪ." ನಜ್ಜಾರೇನಾ ತಟ್ಟೆಯನ್ನು ಹಿಂದಕ್ಕೆಳೆದುಕೊಂಡರು. "ಅವರಿಗೆ."

"ಅವರು ಇಲ್ಲ ಅಂತ ಬೆಳಿಗ್ಗೆ ನೀವೇ ನೋಡಿದ್ರಲ್ಲ."

"ನೋಡಿದೆ. ನನಗೇನು ತಲೆ ಕೆಟ್ಟಿದೆಯಾ?" ಅವರು ದನಿ ತಗ್ಗಿಸಿದರು. "ದಿನಾ ಸಂಜೆ ಗೋಡೆಯಿಂದ 'ಊಟ ಆಯ್ತಾ' ಅಂತ ಕೇಳಿಸ್ತಿತ್ತು. ನಾನೂ ಆಚೆಯಿಂದ 'ಆಯ್ತು' ಅಂತಿದ್ದೆ. ಇವತ್ತು ಗೋಡೆ ಸುಮ್ಮನಿದೆ. ಎರ್ಸೀಲಿಯಾ ತಂಗಿ ಮನೆಗೆ ಹೋಗಿದಾಳೆ, ಕೇಳಿಸಲ್ಲ. ಕರೀತೀಯೋ, ತಟ್ಟೆ ವಾಪಸ್ ತಗೊಂಡು ಹೋಗಲೋ?"

ತೋರಿಕೆಯ ಒಪ್ಪಂದ ಎಂದರೆ, ಇಲ್ಲದ್ದನ್ನು ಇದೆಯೆಂದು ಇಬ್ಬರೂ ಗೊತ್ತಿದ್ದೇ ಒಪ್ಪಿಕೊಳ್ಳುವುದು. ಬೆಳಿಗ್ಗೆ ಬಾರದ ಉತ್ತರ ಈಗ ಅಡಿಟಿಪ್ಪಣಿಯ ಸಮೇತ ನೆನಪಾಯಿತು. ಒರೆಸ್ತೆ ಆ ಬೇಸಿಗೆಯ ಸೆಕೆಯಲ್ಲೂ ಕೋಟು ತೊಟ್ಟು, ಪ್ರೊಫೆಸರರ ಕುರ್ಚಿಯಲ್ಲಿ ಕೂತು, ಎರಡು ಸಲ ಕೆಮ್ಮಿದ.

"ಊಟ ಆಯ್ತಾ ಸಿನ್ಯೋರಾ?"

"ಆಯ್ತು ಪ್ರೊಫೆಸರೇ." ನಜ್ಜಾರೇನಾ ಕೂದಲು ಸರಿಮಾಡಿಕೊಂಡು ಎದುರಿನ ಕುರ್ಚಿಯಲ್ಲಿ, ಒರೆಸ್ತೆಯ ಜಾಗದಲ್ಲಿ ಕೂತರು. "ನಿಮ್ಮ ಜೊತೆ ಒಬ್ಬ ಹುಡುಗ ಇರ್ತಿದ್ದನಲ್ಲ, ಸಣ್ಣ ದನಿಯವನು? ಎಲ್ಲಿ ಅವನು?"

ಒರೆಸ್ತೆ ಒಂದು ಆಲಿವ್ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದ.

"ಯಾರು, ಆ ಮೊಲೀಸೆಯವನಾ?" ಎಂದ, ದಪ್ಪ ದನಿಯಲ್ಲಿ. "ಅಂಥವನು ಯಾರೂ ಇಲ್ಲ ಸಿನ್ಯೋರಾ."